ಅಚ್ಚು ಯಾರದು, ನೆಲ ಯಾರದು? ಬ್ರೆಜಿಲಿನ ಫೈಬರ್ ವ್ಯಾನೊಂದರ ಮೂಲ ಹುಡುಕುವ ಬಗೆ

ಹಳೆಯ ವ್ಯಾನೊಂದು ನಿಮ್ಮೆದುರು ನಿಂತಿದೆ ಎಂದುಕೊಳ್ಳಿ. ಮೊಂಡು ಮೂತಿ, ಪೂರ್ತಿ ಫೈಬರ್ ಗ್ಲಾಸಿನ ಮೈ, ಹಿಂಬದಿಯಲ್ಲಿ ಗಾಳಿಯಿಂದಲೇ ತಣ್ಣಗಾಗುವ ಇಂಜಿನ್. ಕಂಪನಿಯ ಲಾಂಛನ ಇದ್ದ ಜಾಗದಲ್ಲಿ ಎರಡು ತೂತು ಮಾತ್ರ ಉಳಿದಿವೆ. ಮಾರಿದವರು "ಬ್ರೆಜಿಲ್ ಗಾಡಿ" ಅಂದಷ್ಟೇ ಹೇಳಿ ದುಡ್ಡು ಎಣಿಸಿಕೊಂಡು ಹೋದರು. ಇದನ್ನು ಮಾಡಿದವರು ಯಾರು, ಯಾವ ಊರಲ್ಲಿ, ಯಾವ ವರ್ಷ?

ತಗಡಿನ ಕಾರಾಗಿದ್ದರೆ ಈ ಪ್ರಶ್ನೆ ಇಷ್ಟು ಕಗ್ಗಂಟಾಗುತ್ತಿರಲಿಲ್ಲ. ತಗಡು ಒತ್ತುವ ಡೈ, ಪ್ರೆಸ್ಸು ಅಂದರೆ ಭಾರೀ ಬಂಡವಾಳ. ಅಷ್ಟು ಹಣ ಸುರಿದವರು ಸಾವಿರಗಟ್ಟಲೆ ಗಾಡಿ ಮಾರಲೇಬೇಕು, ಜಾಹೀರಾತು ಕೊಡಲೇಬೇಕು, ಲೆಕ್ಕ ಇಡಲೇಬೇಕು. ಹಾಗಾಗಿ ಕುರುಹು ಉಳಿದಿರುತ್ತದೆ. ಫೈಬರ್ ಮೈಗೆ ಬೇಕಾದದ್ದು ಒಂದು ಶೆಡ್ಡು, ಒಂದು ಅಚ್ಚು, ಕೈಕೆಲಸ ಗೊತ್ತಿರುವ ನಾಲ್ಕು ಜನ. ಹತ್ತೋ ಇಪ್ಪತ್ತೋ ಗಾಡಿ ಮಾಡಿ ಶೆಡ್ಡಿಗೆ ಬೀಗ ಹಾಕಿದರೆ ಊರಿನಾಚೆ ಯಾರಿಗೂ ತಿಳಿಯುವುದಿಲ್ಲ. ಅಂಥ ಕೆಲಸಗಾರರ ಹೆಸರು ಹೀಗೆ ಅಳಿಸಿಹೋಗುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಆ ಹೆಸರನ್ನು ಮತ್ತೆ ಹಿಡಿಯುವ ದಾರಿ ಇದೆ. ಆದರೆ ಅದಕ್ಕೆ ಮೊದಲು ಫೈಬರ್ ಮೈ ಹೇಗೆ ಹುಟ್ಟುತ್ತದೆ ಎಂಬುದು ತಿಳಿದಿರಬೇಕು.

ಮರ, ಪ್ಲಾಸ್ಟರ್, ಜೇಡಿ ಏನಾದರೂ ಬಳಸಿ ಗಾಡಿಯ ಪೂರ್ಣ ಅಳತೆಯ ಮೂಲ ಆಕೃತಿ ಮಾಡುತ್ತಾರೆ. ಅದನ್ನು ಉಜ್ಜಿ ಉಜ್ಜಿ ನುಣುಪು ಮಾಡಿ, ಮೇಣ ಸವರಿ, ಮೇಲೆ ಫೈಬರ್ ಹಚ್ಚಿ ಅಚ್ಚು ತೆಗೆಯುತ್ತಾರೆ. ಮುಂದೆ ಪ್ರತಿ ಗಾಡಿಯೂ ಆ ಅಚ್ಚಿನೊಳಗೇ ಹುಟ್ಟುತ್ತದೆ. ಅಚ್ಚಿನ ಒಳಮೈಗೆ ಮೊದಲು ಮೇಣ, ಆಮೇಲೆ ಬಣ್ಣ ಬೆರೆತ, ಗಾಡಿಯ ಹೊರಪದರವಾಗುವ ಜೆಲ್‌ಕೋಟ್. ಅದು ಬೆರಳಿಗೆ ಅಂಟಂಟಾಗುವಷ್ಟು ಬಿಗಿದ ಮೇಲೆ ಗಾಜಿನ ಎಳೆಗಳ ಮ್ಯಾಟ್ ಹಾಸಿ, ಪಾಲಿಯೆಸ್ಟರ್ ರೆಸಿನ್ ಕುಡಿಸಿ, ರೋಲರ್ ಉರುಳಿಸಿ ಗಾಳಿಗುಳ್ಳೆ ಹೊರದಬ್ಬುತ್ತಾರೆ. ಮತ್ತೆ ಮ್ಯಾಟ್, ಮತ್ತೆ ರೆಸಿನ್. ಗಟ್ಟಿಯಾದ ಮೇಲೆ ಬಿಡಿಸಿ ತೆಗೆದರೆ ಹೊರಮೈ ನುಣ್ಣಗೆ, ಒಳಮೈ ತೆಂಗಿನ ನಾರಿನಂತೆ ಒರಟು.

ತೊಡಕು ಇರುವುದು ಇಲ್ಲಿ. ಅಚ್ಚು ತೆಗೆಯಲು ಮೂಲ ಆಕೃತಿಯೇ ಬೇಕೆಂದಿಲ್ಲ. ಬೇರೆಯವರು ಮಾಡಿದ ಗಾಡಿಯನ್ನೇ ಕೊಂಡು ತಂದು, ಅದಕ್ಕೇ ಮೇಣ ಸವರಿ ಅಚ್ಚು ತೆಗೆಯಬಹುದು. ಅಚ್ಚನ್ನು ಮಾರಬಹುದು, ಬಾಡಿಗೆಗೆ ಕೊಡಬಹುದು, ಸಾಲಕ್ಕೆ ಒಪ್ಪಿಸಬಹುದು. ಆದ್ದರಿಂದ "ಈ ವ್ಯಾನ್ ಯಾರು ಮಾಡಿದ್ದು" ಎಂಬುದನ್ನು ಒಂದೇ ಪ್ರಶ್ನೆ ಎಂದುಕೊಂಡರೆ ದಾರಿ ತಪ್ಪಿದಂತೆಯೇ. ಆಕಾರ ಯೋಚಿಸಿದವರು ಒಬ್ಬರಿರಬಹುದು, ಅಚ್ಚು ಮಾಡಿದವರು ಇನ್ನೊಬ್ಬರು, ಮೈಯನ್ನು ಕಿಟ್ ಎಂದು ಮಾರಿದವರು ಮತ್ತೊಬ್ಬರು. ಅದನ್ನು ಮನೆಯ ಹಿತ್ತಲಲ್ಲಿ ತನ್ನ ಹಳೆಯ ಕಾರಿನ ಮೇಲೆ ಕೂರಿಸಿದವನು ನಾಲ್ಕನೆಯವನು. ನಾಲ್ವರೂ ಬೇರೆ ಬೇರೆ ದೇಶದವರಾದರೂ ಆಶ್ಚರ್ಯವಿಲ್ಲ.

ಎಂಪಿ ಲಾಫೆರ್ ಎಂಬ ಪುಟ್ಟ ಎರಡು ಸೀಟಿನ ಕಾರನ್ನೇ ನೋಡಿ. ಆಕಾರ ಬ್ರಿಟನ್ನಿನ ಎಂಜಿ ಟಿಡಿಯದು. ಕೆಳಗಿನ ನೆಲ (ಮೈಯನ್ನು ಹೊರುವ ಗಾಡಿಯ ತಳಭಾಗ), ಇಂಜಿನ್ ಎರಡೂ ಫೋಕ್ಸ್‌ವ್ಯಾಗನ್ನಿನವು. 1970ರ ದಶಕದಲ್ಲಿ ಅದನ್ನು ಕಟ್ಟಿದ್ದು ಬ್ರೆಜಿಲಿನ ಲಾಫೆರ್ ಎಂಬ ಪೀಠೋಪಕರಣದ ಕಂಪನಿ. ಕುರ್ಚಿ, ಸೋಫಾ ಮಾಡುತ್ತಿದ್ದವರಿಗೆ ಫೈಬರಿನ ಕೆಲಸ ಮೊದಲೇ ಒಗ್ಗಿತ್ತು. ಹೆಸರಿನ ಪಟ್ಟಿ ಕಿತ್ತುಹೋದ ಅಂಥ ಕಾರನ್ನು ಹೊರಗಿನಿಂದಷ್ಟೇ ನೋಡಿದವರು ಇಂಗ್ಲೆಂಡಿನದು ಎಂದೇ ಹೇಳಿಯಾರು.

ಪೂಮಾ ಎಂಬ ಬ್ರೆಜಿಲಿನ ಸ್ಪೋರ್ಟ್ಸ್ ಕಾರಿನ ಕತೆ ಇನ್ನೂ ಬೋಧಪ್ರದ. ಸಾವೊ ಪಾಲೊ ರಾಜ್ಯದ ಮಟಾವ್ ಊರಿನ ರೀನೊ ಮಾಲ್ಜೋನಿ 1960ರ ದಶಕದ ನಡುವಿನಲ್ಲಿ ಡಿಕೆಡಬ್ಲ್ಯು ಎಂಬ ಜರ್ಮನ್ ಕಾರಿನ ಯಂತ್ರಭಾಗಗಳ ಮೇಲೆ ಕಟ್ಟಿದ ಸ್ಪೋರ್ಟ್ಸ್ ಕಾರಿನಿಂದ ಅದು ಶುರುವಾಯಿತು. ಬ್ರೆಜಿಲಿನಲ್ಲಿ ಡಿಕೆಡಬ್ಲ್ಯು ತಯಾರಿಸುತ್ತಿದ್ದ ವೆಮಾಗ್ ಕಂಪನಿಯನ್ನು 1967ರಲ್ಲಿ ಫೋಕ್ಸ್‌ವ್ಯಾಗನ್ ಕೊಂಡು ಆ ಕಾರುಗಳನ್ನು ನಿಲ್ಲಿಸಿಬಿಟ್ಟಿತು. ಕಾಲಡಿಯ ನೆಲವೇ ಹೋದಾಗ ಪೂಮಾದವರು ಹೊಸ ಮೈ ರೂಪಿಸಿ, ಫೋಕ್ಸ್‌ವ್ಯಾಗನ್ನಿನ ಕಾರ್ಮನ್ ಘಿಯಾ ಕಾರಿನ ನೆಲವನ್ನು 25 ಸೆಂಟಿಮೀಟರ್ ಕತ್ತರಿಸಿ, ಅದರ ಮೇಲೆ ಕೂರಿಸಿದರು. ಅದೇ ಪೂಮಾ 1970ರ ದಶಕದಲ್ಲಿ ಸ್ವಲ್ಪ ಕಾಲ ದಕ್ಷಿಣ ಆಫ್ರಿಕಾದಲ್ಲೂ ತಯಾರಾಯಿತು. 1980ರ ದಶಕದಲ್ಲಿ ಕಂಪನಿ ಮುಳುಗಿದಾಗ ಹಕ್ಕು ಕುರಿಟೀಬಾದ ಅರೌಕಾರಿಯಾಕ್ಕೆ ಹೋಯಿತು, ಅಲ್ಲಿಂದ ಆಲ್ಫಾ ಮೆಟಾಯ್ಸ್ ಎಂಬ ಕಂಪನಿಗೆ. ಪೂಮಾದಂಥ ಹೆಸರುವಾಸಿ ಕಾರಿನದೇ ಇಷ್ಟು ಕೈಬದಲಾವಣೆ. ಇನ್ನು ಹೆಸರೇ ಕೇಳದ ವ್ಯಾನಿನ ಅಚ್ಚು ಎಷ್ಟು ಕೈ ದಾಟಿರಬಹುದು!

ನಮ್ಮ ಬೆಂಗಳೂರಿಗೂ ಈ ಬಗೆಯ ಕಸುಬು ಹೊಸದೇನಲ್ಲ. 1970ರ ದಶಕದಲ್ಲಿ ಇಲ್ಲೇ ತಯಾರಾದ ಮೂರು ಚಕ್ರದ ಬಾದಲ್, 1982ರಲ್ಲಿ ಬಂದ ಸಿಪಾನಿ ಡಾಲ್ಫಿನ್ ಎರಡೂ ಫೈಬರ್ ಮೈಯವೇ. ಡಾಲ್ಫಿನ್ ವಾಸ್ತವದಲ್ಲಿ ಬ್ರಿಟನ್ನಿನ ರಿಲಯಂಟ್ ಕಂಪನಿಯ ಕಿಟನ್. ಕಾಗದಪತ್ರ ಕಳೆದುಹೋದ ಡಾಲ್ಫಿನ್ ಯಾರಿಗಾದರೂ ದೂರದೇಶದಲ್ಲಿ ಸಿಕ್ಕಿದರೆ ಅವರೂ ಇದೇ ಗೊಂದಲಕ್ಕೆ ಬೀಳುತ್ತಾರೆ: ಬೆಂಗಳೂರಿನದೋ, ಬ್ರಿಟನ್ನಿನದೋ?

ಬ್ರೆಜಿಲಿನಲ್ಲಿ ಮಾತ್ರ ಇಂಥ ಗಾಡಿಗಳು ಮಳೆಗಾಲದ ಅಣಬೆಯಂತೆ ಎದ್ದದ್ದಕ್ಕೆ ಬಲವಾದ ಕಾರಣವಿತ್ತು. 1973ರ ತೈಲ ಬಿಕ್ಕಟ್ಟಿನಿಂದ ವಿದೇಶಿ ವಿನಿಮಯ ಸೋರಿಹೋಗುತ್ತಿದ್ದಾಗ, ಅಲ್ಲಿನ ಸೇನಾ ಸರ್ಕಾರ 1976ರಲ್ಲಿ ಕಾರುಗಳ ಆಮದನ್ನೇ ನಿಲ್ಲಿಸಿತು. 1990ರಲ್ಲಿ ಅಧ್ಯಕ್ಷ ಫೆರ್ನಾಂಡೊ ಕೊಲೊರ್ ಬಾಗಿಲು ತೆರೆಯುವವರೆಗೆ ಹದಿನಾಲ್ಕು ವರ್ಷ ಹೊರದೇಶದ ಕಾರು ಒಳಗೆ ಬರಲಿಲ್ಲ. ದೇಶದೊಳಗೆ ಕೆಲವೇ ದೊಡ್ಡ ಕಂಪನಿಗಳು, ಕೆಲವೇ ಮಾದರಿಗಳು. ಬೇರೆ ತರಹದ್ದು ಬೇಕೆಂದವರಿಗೆ ಫೈಬರ್ ಶೆಡ್ಡುಗಳೇ ಗತಿ. ಅಂಥ ಕಾರುಗಳನ್ನು ಅಲ್ಲಿನವರು 'ಫೋರಾ ಡಿ ಸೇರಿ' ಎನ್ನುತ್ತಾರೆ. ದೊಡ್ಡ ಕಾರ್ಖಾನೆಯ ಸಾಲಿನಿಂದ ಹೊರಗಿನವು ಎಂದರ್ಥ.

ಎಲ್ಲರಿಗೂ ನೆಲ ಒದಗಿಸಿದ್ದು ಹೆಚ್ಚಾಗಿ ಫುಸ್ಕಾ. ಫೋಕ್ಸ್‌ವ್ಯಾಗನ್ನಿನ ಬೀಟಲ್ ಕಾರಿಗೆ ಬ್ರೆಜಿಲಿನ ಜನ ಇಟ್ಟ ಹೆಸರದು. 1959ರಿಂದ 1986ರವರೆಗೆ, ಮತ್ತೆ 1993ರಿಂದ 1996ರವರೆಗೆ ಅದು ಅಲ್ಲಿ ತಯಾರಾಯಿತು. ಫುಸ್ಕಾದ ಮೈಯನ್ನು ಬೋಲ್ಟ್ ಬಿಚ್ಚಿ ಎತ್ತಿಬಿಟ್ಟರೆ ಕೆಳಗೆ ಇಂಜಿನ್, ಗೇರ್, ಸ್ಟೀರಿಂಗ್, ಚಕ್ರ ಎಲ್ಲ ಇರುವ ಚಪ್ಪಟೆ ನೆಲ ಉಳಿಯುತ್ತದೆ. ಬೇಕಾದ ಮೈ ಹೊದಿಸಿಕೊಳ್ಳಬಹುದು. ಪೂಮಾದಂಥವರಿಗೆ ಬ್ರೆಜಿಲಿನ ಫೋಕ್ಸ್‌ವ್ಯಾಗನ್ ನೆಲವನ್ನೇ ಬಿಡಿಯಾಗಿ ಕೊಡುತ್ತಿತ್ತು. ಅಮೆರಿಕದಲ್ಲಿ ಹಾಗಿರಲಿಲ್ಲ. 1972ರಲ್ಲಿ ಕ್ಯಾಲಿಫೋರ್ನಿಯಾದ ಕರ್ಟಿಸ್ ಬ್ರೂಬೇಕರ್ ಬೀಟಲ್ ನೆಲದ ಮೇಲೆ 'ಬ್ರೂಬೇಕರ್ ಬಾಕ್ಸ್' ಎಂಬ ಫೈಬರ್ ವ್ಯಾನ್ ಮಾಡಿದಾಗ ಬಿಡಿ ನೆಲ ಸಿಗದೆ, ಪೂರ್ತಿ ಕಾರುಗಳನ್ನೇ ಕೊಂಡು ಮೈ ಬಿಚ್ಚಿ ಹಾಕಬೇಕಾಯಿತು. ಬೆರಳೆಣಿಕೆಯಷ್ಟು ಮಾಡುವುದರೊಳಗೆ ಆ ಉದ್ಯಮ ನಿಂತಿತು, ಅದರ ವ್ಯಾನು ಮುಂದೆ ಆಟೊಮೆಕ್ಕಾ ಎಂಬವರ ಕೈಗೆ ಹೋಯಿತು. ಆದ್ದರಿಂದ ಬ್ರೆಜಿಲಿನದು ಎನ್ನುವ ಪೆಟ್ಟಿಗೆಯಾಕಾರದ ವ್ಯಾನ್ ಸಿಕ್ಕಾಗ ಇಂಥ ಅಮೆರಿಕದ ನೆಂಟರನ್ನೂ ಪಕ್ಕದಲ್ಲಿಟ್ಟು ಹೋಲಿಸಿ ನೋಡುವುದು ಒಳ್ಳೆಯದು.

ಈಗ ಕೈ ಕೊಳೆ ಮಾಡಿಕೊಳ್ಳುವ ಕೆಲಸ. ಹುಡುಕುವವರು ಹೆಚ್ಚಿನಂಶ ಎಡವುವುದು ಮೈಯನ್ನೇ ನೋಡುತ್ತಾ ಕೂತು. ಮೈ ಸುಳ್ಳು ಹೇಳಬಲ್ಲದು. ಆ ಶೆಡ್ಡಿನವರು ತಾವೇ ಮಾಡಲಾಗದೆ ಹೊರಗಿನಿಂದ ತಂದ ಭಾಗಗಳೇ ನಮಗೆ ಆಧಾರ.

ಮೊದಲು ನೆಲ. ಟೇಪು ಹಿಡಿದು ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ ಅಳೆಯಿರಿ. 2400 ಮಿಲಿಮೀಟರ್ ಬಂದರೆ ಕತ್ತರಿಸದ ಫುಸ್ಕಾ ನೆಲ ಇರಬಹುದು. ಆದರೆ ಫೋಕ್ಸ್‌ವ್ಯಾಗನ್ನಿನದೇ ಆದ ಕೊಂಬಿ ವ್ಯಾನಿನದೂ ಅದೇ 2400. ಹಾಗಾಗಿ ಅಳತೆಯ ಜೊತೆಗೆ ಕೆಳಗೆ ಬಗ್ಗಿಯೂ ನೋಡಬೇಕು: ಫುಸ್ಕಾ ನೆಲದ ನಡುವೆ ಬೆನ್ನೆಲುಬಿನಂತೆ ಒಂದು ಸುರಂಗ ಉದ್ದಕ್ಕೂ ಹೋಗಿರುತ್ತದೆ, ಕೊಂಬಿಗೆ ಅದಿಲ್ಲ. 2150 ಬಂದರೆ ಪೂಮಾದ ಅಳತೆ.

ಇನ್ನು ಹಿಂದಿನ ಆಕ್ಸಲ್. ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇದರ ಮೇಲೆ. ಬ್ರೆಜಿಲಿನ ಫುಸ್ಕಾ ಕೊನೆಯವರೆಗೂ ಹಳೆಯ ಸ್ವಿಂಗ್ ಆಕ್ಸಲ್ಲನ್ನೇ ಉಳಿಸಿಕೊಂಡಿತು: ಗೇರ್‌ಬಾಕ್ಸಿನಿಂದ ಚಕ್ರದವರೆಗೆ ದಪ್ಪ ಕೊಳವೆ, ಗೇರ್‌ಬಾಕ್ಸಿನ ಬದಿಯಲ್ಲಿ ಮಾತ್ರ ಒಂದು ರಬ್ಬರ್ ಬೂಟು, ಅಂದರೆ ಕೀಲಿನ ಮೇಲಿನ ರಬ್ಬರ್ ಹೊದಿಕೆ. ಅಮೆರಿಕಕ್ಕೆ ಹೋದ ಬೀಟಲ್‌ಗಳಲ್ಲಿ 1969ರ ಮಾದರಿಯಿಂದಲೇ ಅದು ಬದಲಾಗಿ, ತೆಳ್ಳನೆಯ ಶಾಫ್ಟು, ಅದರ ಎರಡೂ ತುದಿಗೆ ಒಂದೊಂದು ಬೂಟು ಬಂತು. ಮುಂದಿನ ಚಕ್ರಕ್ಕೆ ಸ್ಟ್ರಟ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಒಂದಾಗಿರುವ ಕಂಬ) ಇರುವ ಸೂಪರ್ ಬೀಟಲ್ ಬ್ರೆಜಿಲಿನಲ್ಲಿ ತಯಾರಾಗಲೇ ಇಲ್ಲ. ಅಲ್ಲಿ ಗಾಳಿ ತಂಪಿನ ಕಾರುಗಳಲ್ಲಿ ಸ್ಟ್ರಟ್ ಬಂದದ್ದು 1977ರ 'ವೇರಿಯಂಟ್ II' ಎಂಬ ಕಾರಿನಲ್ಲಿ. ಈಗ ಅಮೆರಿಕದಲ್ಲಿ ಸಿಕ್ಕ ವ್ಯಾನಿನ ಕೆಳಗೆ ತೂರಿ ಟಾರ್ಚ್ ಹಾಕಿದಾಗ ಶಾಫ್ಟಿನ ಎರಡೂ ತುದಿಗೆ ಬೂಟು ಕಂಡಿತು ಅನ್ನಿ. ನೆಲವಂತೂ ಬ್ರೆಜಿಲ್ ಫುಸ್ಕಾದ್ದಲ್ಲ. ಮೈ ಮಾತ್ರ ಹಡಗಿನಲ್ಲಿ ಬಂದು ಅಮೆರಿಕದ ಬೀಟಲ್ ಮೇಲೆ ಕೂತಿರಬಹುದು, ಇಲ್ಲವೇ "ಬ್ರೆಜಿಲ್" ಎಂಬ ಮಾತೇ ಯಾರೋ ಹಬ್ಬಿಸಿದ ಗಾಳಿಸುದ್ದಿ ಇರಬಹುದು.

ಆಮೇಲೆ ಹಿಂದಿನ ಸೀಟು ಎತ್ತಿ. ಬೀಟಲ್ ನೆಲದಲ್ಲಿ ಚಾಸಿ ಸಂಖ್ಯೆ ಸುರಂಗದ ಮೇಲೆ, ಹಿಂದಿನ ಸೀಟಿನ ಅಡಿಯಲ್ಲಿ ಕೊರೆದಿರುತ್ತದೆ. ಧೂಳು, ಗ್ರೀಸು, ಹಳೆಯ ಬಣ್ಣ ಕೂತಿರುತ್ತವೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ತೆಳು ಕಾಗದ ಇಟ್ಟು ಪೆನ್ಸಿಲ್ ಓರೆಯಾಗಿ ಉಜ್ಜಿದರೆ ಅಂಕಿಗಳು ಬಿಳಿಯಾಗಿ ಮೂಡುತ್ತವೆ. ನಮ್ಮ ಆರ್‌ಟಿಓ ಕೆಲಸಕ್ಕೆ ಚಾಸಿ ಪ್ರಿಂಟ್ ತೆಗೆಯುತ್ತೇವಲ್ಲ, ಥೇಟ್ ಹಾಗೆಯೇ. ಬ್ರೆಜಿಲಿನಲ್ಲೂ ಈ ಪದ್ಧತಿ ಇದೆ, ಅವರು 'ಡೆಕಾಲ್ಕಿ' ಎನ್ನುತ್ತಾರೆ. 17 ಅಕ್ಷರದ ಹೊಸ ಬಗೆಯ ಸಂಖ್ಯೆ ಇದ್ದು 9ಬಿಡಬ್ಲ್ಯು ಎಂದು ಶುರುವಾದರೆ ಅದು ಬ್ರೆಜಿಲಿನ ಫೋಕ್ಸ್‌ವ್ಯಾಗನ್. ಒಂದು ಎಚ್ಚರಿಕೆ: ಈ ಸಂಖ್ಯೆ ನೆಲದ ವಯಸ್ಸನ್ನು ಮಾತ್ರ ಹೇಳುತ್ತದೆ. ಕಿಟ್ ಕೊಂಡವರು ಹತ್ತು ವರ್ಷ ಓಡಿಸಿದ ಫುಸ್ಕಾದ ಮೇಲೂ ಹೊಸ ಮೈ ಕೂರಿಸುತ್ತಿದ್ದರು. 1968ರ ನೆಲದ ಮೇಲೆ 1982ರ ವ್ಯಾನ್ ನಿಂತಿದ್ದರೆ ಅದರಲ್ಲಿ ವಿಚಿತ್ರವೇನಿಲ್ಲ.

ಮೈಯ ವಯಸ್ಸಿಗೆ ಗಾಜು ಮತ್ತು ದೀಪಗಳನ್ನು ಕೇಳಬೇಕು. ಬಾಗಿದ ಮುಂಗಾಜು ಮಾಡಿಸುವುದು ಸಣ್ಣವರ ಕೈಗೆಟುಕುವ ಮಾತಲ್ಲ. ಹಾಗಾಗಿ ಪೇಟೆಯಲ್ಲಿ ಸಿಗುವ ಕಾರಿನ ಗಾಜನ್ನೇ ಆರಿಸಿ, ಅದರ ಸುತ್ತ ಗಾಡಿ ರೂಪಿಸುತ್ತಿದ್ದರು. ಗಾಜಿನ ಮೂಲೆಯ ಮುದ್ರೆ ಓದಿ. ಪ್ಲಾಸ್ಟಿಕ್ ಲೆನ್ಸಿನ ಅಂಚಿನಲ್ಲಿ, ಸ್ವಿಚ್ಚಿನ ಬೆನ್ನಲ್ಲಿ 'ಇಂಡೂಸ್ಟ್ರಿಯಾ ಬ್ರಾಸಿಲೇರಾ' ಎಂಬ ಉಬ್ಬಕ್ಷರ ಸಿಕ್ಕರೆ ಭಾಗ ಬ್ರೆಜಿಲಿನದೆಂದು ಖಾತ್ರಿ. ಮುಂಗಾಜು ಕೊಂಬಿಯ ದೊಡ್ಡ ಒಂಟಿ ಬಾಗುಗಾಜಾಗಿದ್ದರೆ ಇನ್ನೂ ಒಳ್ಳೆಯದು. ಯಾಕೆಂದರೆ ಬ್ರೆಜಿಲಿನ ಕೊಂಬಿ 1957ರಿಂದ ಎರಡು ಹೋಳಿನ ಗಾಜಿನಲ್ಲೇ ಬರುತ್ತಿದ್ದು, ಒಂಟಿ ಗಾಜಿಗೆ ಬದಲಾದದ್ದು 1975ರ ಕೊನೆಗೆ. ವ್ಯಾನಿನ ಮೈ ಅದಕ್ಕಿಂತ ಹಳೆಯದಾಗಿರುವುದು ಕಷ್ಟ. ಫುಸ್ಕಾದ ದೊಡ್ಡ ದುಂಡು ಹಿಂದೀಪವೂ ಹೀಗೆಯೇ ಕಾಲ ಹೇಳುತ್ತದೆ. 1979ರ ಮಾದರಿಗೆ ಬಂದ ಆ ದೀಪಕ್ಕೆ ಜನ ಗಾಯಕಿ ಫಾಫಾ ಡಿ ಬೆಲೆಂ ಅವರ ಹೆಸರಿನಿಂದ 'ಫಾಫಾ' ಎಂದೇ ಅಡ್ಡಹೆಸರಿಟ್ಟಿದ್ದರು. ಆಲ್ಕೊಹಾಲಿನಲ್ಲಿ ಓಡುವ ಮೂಲ ಇಂಜಿನ್ ಇದ್ದರೂ ಅದೇ ಕಾಲ ಅಥವಾ ಅದರಿಂದೀಚೆ: ಬ್ರೆಜಿಲಿನ ಮೊದಲ ಆಲ್ಕೊಹಾಲ್ ಕಾರು ಫಿಯಟ್ 147 ಬೀದಿಗೆ ಬಂದದ್ದೇ 1979ರಲ್ಲಿ.

ಆದರೆ ದೀಪವನ್ನು ಯಾರು ಬೇಕಾದರೂ ಆಮೇಲೆ ಬದಲಿಸಿರಬಹುದಲ್ಲ? ಬದಲಿಸಿರಬಹುದು. ಅದಕ್ಕೇ ದೀಪ ಬಿಚ್ಚಿ ಅದು ಕೂತ ಗುಳಿಯನ್ನು ನೋಡಬೇಕು. ಗುಳಿಯ ಅಂಚು ಒಂದೇ ನುಣುಪಿನಲ್ಲಿ ದೀಪದ ಆಕಾರಕ್ಕೆ ಸರಿಹೊಂದಿದ್ದು, ಜೆಲ್‌ಕೋಟ್ ಎಲ್ಲೂ ಒಡೆಯದೆ ಒಳಗಿನವರೆಗೆ ಹರಿದಿದ್ದರೆ, ಆ ಗುಳಿ ಅಚ್ಚಿನಲ್ಲೇ ಇತ್ತು. ಅಂದರೆ ಅಚ್ಚು ಮಾಡಿದವರ ಕೈಯಲ್ಲಿ ಆಗಲೇ ಆ ದೀಪವಿತ್ತು. ಗುಳಿಯ ಸುತ್ತ ಗರಗಸದ ಗೀಚು, ಬೇರೆ ಬಣ್ಣದ ಪುಟ್ಟಿ, ಹಿಂಬದಿಯಲ್ಲಿ ತೇಪೆ ಹಾಕಿದ ಮ್ಯಾಟ್ ಕಂಡರೆ ದೀಪ ಆಮೇಲೆ ಬಂದದ್ದು, ಅದರ ಸಾಕ್ಷಿ ನಡೆಯುವುದಿಲ್ಲ. ನಕಲು ಅಚ್ಚನ್ನು ಗುರುತಿಸುವುದಕ್ಕೂ ಇದೇ ಕಣ್ಣು ಬೇಕು. ಬೇರೆ ಗಾಡಿಯಿಂದ ಕದ್ದ ಅಚ್ಚಿನಲ್ಲಿ ಚೂಪು ಗೆರೆಗಳು ಮೊಂಡಾಗುತ್ತವೆ, ಮೂಲದ ಗಾಡಿಯ ಸಣ್ಣ ನಗ್ಗೂ ಪ್ರತಿ ಮೈಯಲ್ಲಿ ಮರುಹುಟ್ಟು ಪಡೆಯುತ್ತದೆ. ರೆಸಿನ್ ಗಟ್ಟಿಯಾಗುವಾಗ ತುಸು ಕುಗ್ಗುವುದರಿಂದ ನಕಲು ಕೂದಲೆಳೆಯಷ್ಟು ಚಿಕ್ಕದೂ ಆಗುತ್ತದೆ. ಎರಡು ವ್ಯಾನುಗಳ ಅದೇ ಜಾಗವನ್ನು ಅಳೆದು ಹೋಲಿಸಲು ಸಿಕ್ಕರೆ ಯಾವುದು ತಾಯಿ, ಯಾವುದು ಮಗು ಎಂಬುದರ ಸುಳಿವು ದೊರೆಯುತ್ತದೆ.

ಹಳೆಯ ಫೋಟೋ ಸಿಕ್ಕರೆ ನಂಬರ್ ಪ್ಲೇಟು ನೋಡಿ. ಎರಡು ಅಕ್ಷರ, ನಾಲ್ಕು ಅಂಕಿಯ ಹಳದಿ ಪ್ಲೇಟು ಹಳೆಯ ಪದ್ಧತಿ. ಮೂರು ಅಕ್ಷರದ ಪ್ಲೇಟು 1990ರಲ್ಲಿ ಪರನಾ ರಾಜ್ಯದಿಂದ ಶುರುವಾಗಿ ಆ ದಶಕದಲ್ಲಿ ದೇಶವೆಲ್ಲ ಹರಡಿತು. ಗಾಡಿ "ಇದಕ್ಕಿಂತ ಮೊದಲಿನದಲ್ಲ" ಎಂದು ದೀಪ ಹೇಳಿದರೆ, "ಇದಕ್ಕಿಂತ ಈಚಿನದಲ್ಲ" ಎಂದು ಫೋಟೋ ಹೇಳುತ್ತದೆ. ಎರಡರ ನಡುವೆ ಸಿಕ್ಕ ನಾಲ್ಕೈದು ವರ್ಷಗಳಲ್ಲಿ ಹುಡುಕಿದರೆ ಸಾಕು.

ಇನ್ನು ಕಾಗದ. ತಯಾರಕರ ಹೆಸರಿನ ಫಲಕವೊಂದು ಗಾಡಿಯಲ್ಲಿ ಎಲ್ಲಾದರೂ ಉಳಿದು, ಅದರಲ್ಲಿ ಸಿಜಿಸಿ ಎಂದು ಮುಂದೆ ಅಂಕಿ ಇದ್ದರೆ ಅದು ಕಂಪನಿಯ ತೆರಿಗೆ ನೋಂದಣಿ. 1998ರಲ್ಲಿ ಆ ಪದ್ಧತಿ ಸಿಎನ್‌ಪಿಜೆ ಆಗಿ ಬದಲಾಯಿತು, ಹಾಗಾಗಿ ಸಿಜಿಸಿ ಎಂಬ ಮೂರಕ್ಷರವೇ ಫಲಕದ ಕಾಲವನ್ನು ಹೇಳುತ್ತದೆ. ಸಂಖ್ಯೆ ಹಿಡಿದು ಆಯಾ ರಾಜ್ಯದ ವಾಣಿಜ್ಯ ನೋಂದಣಿ ಕಚೇರಿಯಲ್ಲಿ ಕೇಳಬಹುದು. ಗಾಡಿಯ ಆಕಾರಕ್ಕೆ ಹಕ್ಕು ಕೋರಿದ್ದರೆ ಬ್ರೆಜಿಲಿನ ಪೇಟೆಂಟ್ ಸಂಸ್ಥೆ ಇನ್ಪಿಯಲ್ಲಿ ಅದರ ಚಿತ್ರ ಇರಬಹುದು. ಆ ಸಂಸ್ಥೆ 1970ರಿಂದ ಇದೆ. ಗಾಡಿಯ ಸ್ವಂತ ಕಾಗದದಿಂದ ಹೆಚ್ಚು ಆಸೆ ಬೇಡ. ಎಷ್ಟೋ ಕಿಟ್ ಗಾಡಿಗಳು ಅದರಲ್ಲಿ ಬರೀ ಫುಸ್ಕಾ ಎಂದೋ, ಸ್ವಂತ ತಯಾರಿಕೆ ಎಂದೋ ದಾಖಲಾಗಿವೆ.

ಪತ್ರಿಕೆಗಳೇ ದೊಡ್ಡ ಕಣಜ. ರಿಯೊ ಡಿ ಜನೈರೊದ ರಾಷ್ಟ್ರೀಯ ಗ್ರಂಥಾಲಯ 'ಜೊರ್ನಾಲ್ ಡೊ ಬ್ರಾಸಿಲ್' ಸೇರಿದಂತೆ ಹಳೆಯ ದಿನಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿದೆ. 1960ರಿಂದ ನಡೆಯುತ್ತಿರುವ 'ಕ್ವಾಟ್ರೊ ರೋಡಾಸ್' ಮಾಸಪತ್ರಿಕೆಯೂ ಇದೆ. ಅದೇ ವರ್ಷ ಶುರುವಾದ ಸಾವೊ ಪಾಲೊದ ಮೋಟಾರು ಮೇಳದ ವರದಿಗಳಲ್ಲಿ ಸಣ್ಣವರ ಮಳಿಗೆಗಳ ಸುದ್ದಿಯೂ ಬರುತ್ತಿತ್ತು. ಆದರೆ 'ವ್ಯಾನ್' ಎಂದು ಹುಡುಕಿದರೆ ಕೈಗೆ ಹೆಚ್ಚೇನೂ ಹತ್ತುವುದಿಲ್ಲ. ಆ ಕಾಲದ ಬ್ರೆಜಿಲಿನಲ್ಲಿ ಜನ ಕೂರುವಂಥ ಗಾಡಿ 'ಪೆರುವಾ', ಸರಕಿನ ಮುಚ್ಚುಗಾಡಿ 'ಫುರ್ಗಾವ್'. ಪೆರುವಾ ಎಂದರೆ ಹೆಣ್ಣು ಟರ್ಕಿ ಕೋಳಿ ಎಂದೂ ಅರ್ಥ, ಹಾಗಾಗಿ ಡಿಸೆಂಬರ್ ಸಂಚಿಕೆಗಳಲ್ಲಿ ಕ್ರಿಸ್‌ಮಸ್ ಊಟದ ಜಾಹೀರಾತುಗಳೂ ಬಲೆಗೆ ಬಿದ್ದರೆ ಗಾಬರಿಯಾಗಬೇಡಿ. ಜೊತೆಗೆ 'ಫಿಬ್ರಾ ಡಿ ವಿಡ್ರೊ' ಎಂದು ಸೇರಿಸಿ. ಗಾಜಿನ ನಾರು, ಅಂದರೆ ಫೈಬರ್ ಗ್ಲಾಸ್. ಸುದ್ದಿ ಪುಟಗಳಿಗಿಂತ ವರ್ಗೀಕೃತ ಜಾಹೀರಾತುಗಳ ಮೇಲೆ ನನಗೆ ಭರವಸೆ ಹೆಚ್ಚು. ವರದಿಗಾರರ ಕಣ್ಣಿಗೆ ಬೀಳದ ಶೆಡ್ಡಿನವರೂ ಗಾಡಿ ಮಾರಲು ಎರಡು ಸಾಲಿನ ಜಾಹೀರಾತು ಕೊಡದೇ ಇರಲಾರರು.

ಹೆಸರು ಸಿಕ್ಕಿತೆಂದು ಅಲ್ಲೇ ನಿಲ್ಲುವಂತಿಲ್ಲ. ರಿಯೊ ಕ್ಲಾರೊ ಊರಿನಲ್ಲಿ ಕಾರ್ಖಾನೆ ಕಟ್ಟಿದ ಇಂಜಿನಿಯರ್ ಜೊವಾವ್ ಗುರ್ಜೆಲ್ ಅವರ ಗಾಡಿಗಳನ್ನೇ ತೆಗೆದುಕೊಳ್ಳಿ. ಉಕ್ಕಿನ ಕೊಳವೆಯ ಹಂದರವನ್ನು ಫೈಬರಿನೊಳಗೆ ಹುದುಗಿಸುವ ತಮ್ಮ ವಿಧಾನಕ್ಕೆ ಅವರು 'ಪ್ಲಾಸ್ಟೀಲ್' ಎಂದು ಹೆಸರಿಟ್ಟಿದ್ದರು. 1980ರ ದಶಕದ ಆರಂಭದಲ್ಲಿ ಅವರು ತಂದ ಬ್ಯಾಟರಿ ವ್ಯಾನ್ ಇಟೈಪು ಇ-400. ಅದೇ ಮೈಯೊಳಗೆ ಫೋಕ್ಸ್‌ವ್ಯಾಗನ್ ಇಂಜಿನ್ ಕೂತಾಗ ಹೆಸರು ಜಿ-800. ಒಂದೇ ಆಕಾರಕ್ಕೆ ಎರಡು ಹೆಸರು, ಎರಡು ಬಗೆಯ ಚಾಲನೆ. ಮೂಲ ಫಲಕ ಬಿದ್ದುಹೋದ ಗಾಡಿಯನ್ನು ಒಂದು ಹಳೆಯ ಫೋಟೋದ ಜೊತೆ ಹೋಲಿಸಿ "ಇದೇ ಅದು" ಎಂದು ತೀರ್ಪು ಕೊಟ್ಟರೆ ಇಂಥಲ್ಲಿ ಎಡವುತ್ತೇವೆ. ತೊಂಬತ್ತರ ದಶಕದ ಆರಂಭದ ಗ್ರಾನ್‌ಕಾರ್ ಫುತೂರಾ ಇನ್ನೊಂದು ಪಾಠ. ಇಟಲಿಯಿಂದ ಬಂದು ಬ್ರೆಜಿಲಿನಲ್ಲಿ ನೆಲೆನಿಂತ ಟೋನಿ ಬಿಯಾಂಕೊ ರೂಪಿಸಿದ ಈ ಫೈಬರ್ ವ್ಯಾನನ್ನು ಯಾರು ನೋಡಿದರೂ ಫ್ರಾನ್ಸಿನ ರೆನೊ ಎಸ್ಪಾಸ್ ನೆನಪಾಗುತ್ತದೆ. ಎಸ್ಪಾಸ್ ಕೂಡ 1984ರಿಂದ 'ಮಾತ್ರಾ' ಎಂಬ ಕಂಪನಿಯಲ್ಲಿ ಉಕ್ಕಿನ ಹಂದರಕ್ಕೆ ಫೈಬರ್ ಹೊದಿಕೆ ಹಾಕಿಯೇ ತಯಾರಾಗುತ್ತಿತ್ತು. ಆದರೂ ಫುತೂರಾದ ಯಂತ್ರಭಾಗಗಳು ಬ್ರೆಜಿಲಿನ ಫೋರ್ಡ್ ಕಾರಿನವು.

1990ರಲ್ಲಿ ಆಮದು ತೆರೆದ ಮೇಲೆ ಈ ಶೆಡ್ಡುಗಳಿಗೆ ಉಳಿಗಾಲವಿರಲಿಲ್ಲ. ಗುರ್ಜೆಲ್ ಕಂಪನಿಯೇ 1994ರಲ್ಲಿ ದಿವಾಳಿಯಾಯಿತು. ವ್ಯಾನಿನಷ್ಟು ದೊಡ್ಡ ಅಚ್ಚು ಜಾಗ ತಿನ್ನುತ್ತದೆ. ಬಾಡಿಗೆ ಶೆಡ್ಡು ಖಾಲಿ ಮಾಡುವವರು ಅದನ್ನು ಬಯಲಲ್ಲಿ ಬಿಡುತ್ತಾರೆ, ಇಲ್ಲವೇ ಒಡೆದು ಹಾಕುತ್ತಾರೆ. ಹಾಗಾಗಿ ಉಳಿದ ಗಾಡಿಯೇ ಎಷ್ಟೋ ಸಲ ಏಕೈಕ ದಾಖಲೆ.

ಇಂಥ ವ್ಯಾನ್ ಯಾರ ಕೈಗಾದರೂ ಬಂದರೆ ಬಣ್ಣದಂಗಡಿಗೆ ಒಯ್ಯುವ ಮೊದಲು ಒಂದು ಕೆಲಸ ಮಾಡಿ ಎಂದು ಕೈಮುಗಿದು ಕೇಳುತ್ತೇನೆ. ಬಾಗಿಲ ಸಂದಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಉಗುರಿನಗಲ ಬಣ್ಣವನ್ನು ಪದರ ಪದರವಾಗಿ ಉಜ್ಜಿ ತಳದ ಜೆಲ್‌ಕೋಟಿನ ಬಣ್ಣ ನೋಡಿ. ಅಚ್ಚಿನಿಂದ ಎದ್ದ ದಿನದ ಬಣ್ಣ ಅದು. ಆಮೇಲೆ ಒಳಗಿನ ಹೊದಿಕೆ ಬಿಚ್ಚಿ, ಬಾನೆಟ್ಟಿನ ಅಡಿಭಾಗ, ಡ್ಯಾಶ್‌ಬೋರ್ಡಿನ ಬೆನ್ನು, ಬಾಗಿಲಿನ ಒಳಮೈ ಇವಕ್ಕೆ ಪಕ್ಕದಿಂದ ಟಾರ್ಚ್ ಹಿಡಿದು ಫೋಟೋ ತೆಗೆಯಿರಿ. ಆ ಒರಟು ನಾರಿನ ನಡುವೆ, ರೆಸಿನ್ನಿನ ಅಡಿಯಲ್ಲಿ ಹಳದಿಗಟ್ಟಿದ ಪೆನ್ಸಿಲ್ ಬರಹ ಇದೆಯೇ ನೋಡಿ: ಒಂದು ಅಂಕಿ, ಎಡವೋ ಬಲವೋ ಎಂಬ ಗುರುತು, ಒಂದು ತಾರೀಖು, ಅಂದು ರೋಲರ್ ಹಿಡಿದಿದ್ದವನ ಹೆಸರಿನ ಮೊದಲಕ್ಷರ.